ನಿಂತಲ್ಲೇ ನಡುಗುವ ಎಂಜಿನ್: ಬಿಡಿಭಾಗ ಬದಲಿಸುವ ಮುನ್ನ ಪರೀಕ್ಷೆ ಏಕೆ ಅಗತ್ಯ?

ವ್ಯಾಪಾರಸ್ಥರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ವಾಹನವೆಂಬುದು ಅಲಂಕಾರದ ವಸ್ತುವಲ್ಲ. ಲೇತ್ ಯಂತ್ರ, ಹಿಟ್ಟಿನ ಗಿರಣಿ ಅಥವಾ ಹೊಲಿಗೆ ಯಂತ್ರದಂತೆ ಅದೂ ಒಂದು ದುಡಿಯುವ ಬಂಡವಾಳ. ಅದು ಕೆಟ್ಟು ನಿಂತ ದಿನ ಸರಕು ಗೋದಾಮಿನಲ್ಲೇ ಉಳಿಯುತ್ತದೆ, ಗಿರಾಕಿಗೆ ಕೊಟ್ಟ ಮಾತು ತಪ್ಪುತ್ತದೆ, ಚಾಲಕನ ಸಂಬಳ ಮಾತ್ರ ತಪ್ಪುವುದಿಲ್ಲ. ಇಂತಹ ವಾಹನಗಳಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ದೂರು ಒಂದಿದೆ. ಓಡುವಾಗ ತಕ್ಕಮಟ್ಟಿಗೆ ಸರಿಯಾಗಿಯೇ ಇರುವ ಎಂಜಿನ್ ಸಿಗ್ನಲ್‌ನಲ್ಲಿ ನಿಂತೊಡನೆ ನಡುಗತೊಡಗುತ್ತದೆ, ಸ್ಟೀರಿಂಗ್ ಅದುರುತ್ತದೆ, ಕೆಲವೊಮ್ಮೆ ಎಂಜಿನ್ ತಾನಾಗಿಯೇ ಆರಿಹೋಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದನ್ನು ‘ಐಡ್ಲಿಂಗ್ ಸರಿಯಿಲ್ಲ’ ಅಥವಾ ‘ಮಿಸ್ಸಿಂಗ್ ಹೊಡೆಯುತ್ತಿದೆ’ ಎನ್ನುತ್ತಾರೆ.

ಈ ದೂರಿಗೆ ರೂಢಿಯಲ್ಲಿರುವ ಚಿಕಿತ್ಸೆಯೂ ಎಲ್ಲರಿಗೂ ತಿಳಿದದ್ದೇ. ಮೊದಲು ಪ್ಲಗ್ ಬದಲಾವಣೆ, ಗುಣವಾಗದಿದ್ದರೆ ಕಾಯಿಲ್, ಅದರಿಂದಲೂ ಆಗದಿದ್ದರೆ ಇಂಜೆಕ್ಟರ್, ಪೆಟ್ರೋಲ್ ಪಂಪು, ಸೆನ್ಸರ್. ಹೀಗೆ ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತ ಹೋಗಿ, ಕೊನೆಗೆ ಬಿರುಕುಬಿಟ್ಟ ಒಂದು ರಬ್ಬರ್ ಕೊಳವೆಯೇ ಕಾರಣವೆಂದು ತಿಳಿದುಬರುವ ಪ್ರಸಂಗಗಳು ವಿರಳವಲ್ಲ. ನಡುಕವು ಲಕ್ಷಣವೇ ಹೊರತು ರೋಗವಲ್ಲ. ಒಂದೇ ಲಕ್ಷಣಕ್ಕೆ ಹತ್ತಾರು ಕಾರಣಗಳಿರುವಾಗ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಹಂತಹಂತವಾಗಿ ಖರ್ಚಿನ ಪರೀಕ್ಷೆಗೆ ಸಾಗುವುದೇ ವಿವೇಕದ ಮಾರ್ಗ. ಈ ಕ್ರಮವನ್ನು ವಾಹನದ ಮಾಲೀಕರು ಅರಿತಿದ್ದರೆ ಹಣವೂ ಉಳಿಯುತ್ತದೆ, ಗ್ಯಾರೇಜಿನವರೊಡನೆ ಮನಸ್ತಾಪವೂ ತಪ್ಪುತ್ತದೆ.

ದೋಷವು ನಿಂತಾಗಲೇ ಕಾಣುವುದೇಕೆ?

ಆಕ್ಸಿಲರೇಟರ್ ಒತ್ತದೆ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರುವ ಸ್ಥಿತಿಯೇ ಐಡ್ಲಿಂಗ್. ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಆಗ ಎಂಜಿನ್ ನಿಮಿಷಕ್ಕೆ 700ರಿಂದ 900 ಸುತ್ತುಗಳ ವೇಗದಲ್ಲಿರುತ್ತದೆ. ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಪ್ರತಿಯೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಮಾತ್ರ ಶಕ್ತಿ ಕೊಡುತ್ತದೆ. ಅಂದರೆ 800 ಸುತ್ತಿನ ವೇಗದಲ್ಲಿ ಮೂರು ಸಿಲಿಂಡರಿನ ಎಂಜಿನ್‌ಗೆ ಸೆಕೆಂಡಿಗೆ 20 ಬಾರಿ ಮಾತ್ರ ಶಕ್ತಿಯ ತಳ್ಳು ದೊರೆಯುತ್ತದೆ. ಅದರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಮೂರನೆಯ ಒಂದು ಭಾಗದಷ್ಟು ತಳ್ಳು ಇಲ್ಲವಾಗುತ್ತದೆ. ವೇಗವಾಗಿ ತಿರುಗುವಾಗ ಫ್ಲೈವೀಲಿನ ಓಘವು ಈ ಕೊರತೆಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ನಿಧಾನವಾಗಿ ತಿರುಗುವಾಗ ಮುಚ್ಚಲಾಗುವುದಿಲ್ಲ.

ಎರಡನೆಯ ಕಾರಣ ಗಾಳಿಯದು. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಎಂಜಿನ್ ಸೇವಿಸುವ ಗಾಳಿ ಅತ್ಯಲ್ಪ. ಆಗ ಒಳಹರಿವಿನ ಮ್ಯಾನಿಫೋಲ್ಡ್‌ನಲ್ಲಿ ಬಲವಾದ ನಿರ್ವಾತ, ಅಂದರೆ ಒಳಕ್ಕೆಳೆಯುವ ಸೆಳೆತ, ಉಂಟಾಗಿರುತ್ತದೆ. ಎಲ್ಲಿಯಾದರೂ ಸೂಜಿಮೊನೆಯಷ್ಟು ರಂಧ್ರವಿದ್ದರೂ ಅಲ್ಲಿಂದ ನುಸುಳುವ ಗಾಳಿಯು ಒಟ್ಟು ಗಾಳಿಯಲ್ಲಿ ಗಣನೀಯ ಪಾಲಾಗುತ್ತದೆ. ಅದೇ ರಂಧ್ರ ಹೆದ್ದಾರಿಯ ವೇಗದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದುದರಿಂದ ‘ಓಡುವಾಗ ಸರಿಯಿದೆ, ನಿಂತಾಗ ಮಾತ್ರ ತೊಂದರೆ’ ಎಂಬ ಚಾಲಕನ ಮಾತು ಕೇವಲ ದೂರಲ್ಲ, ಅದೊಂದು ಸುಳಿವು.

ಮೊದಲ ಹಂತ: ಚಾಲಕನ ವಿಚಾರಣೆ

ಖರ್ಚೇ ಇಲ್ಲದ ಪರೀಕ್ಷೆಯೆಂದರೆ ಪ್ರಶ್ನೆ ಕೇಳುವುದು. ನಡುಕವು ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಮಾತ್ರವೋ, ಬಿಸಿಯಾದ ಮೇಲೆಯೋ? ಎ.ಸಿ. ಹಾಕಿದಾಗ ಹೆಚ್ಚುತ್ತದೆಯೋ? ಪೆಟ್ರೋಲ್ ತುಂಬಿಸಿದ ದಿನದಿಂದ ಆರಂಭವಾಯಿತೋ? ಮಳೆಯಲ್ಲಿ ನೆನೆದ ಮೇಲೆಯೋ? ಸರ್ವಿಸ್ ಮಾಡಿಸಿ ತಂದ ಮರುದಿನದಿಂದಲೋ?

ಪ್ರತಿಯೊಂದು ಉತ್ತರವೂ ಒಂದೊಂದು ದಿಕ್ಕನ್ನು ತೋರುತ್ತದೆ. ತಣ್ಣಗಿದ್ದಾಗ ಮಾತ್ರ ತೊಂದರೆಯಿದ್ದರೆ ಎಂಜಿನ್ ಶಾಖ ಅಳೆಯುವ ಸೆನ್ಸರ್ ಅಥವಾ ತಣ್ಣಗಿರುವಾಗ ಬಿಗಿಯಾಗಿ ಕೂರದ ರಬ್ಬರ್ ಮತ್ತು ಗ್ಯಾಸ್ಕೆಟ್‌ಗಳನ್ನು ಅನುಮಾನಿಸಬೇಕು. ಮಳೆಯ ನಂತರ ಬಂದ ಮಿಸ್ಸಿಂಗ್‌ಗೆ ಪ್ಲಗ್ ವೈರು ಮತ್ತು ಕಾಯಿಲ್‌ಗಳಲ್ಲಿ ಸೋರುವ ಕರೆಂಟು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಸರ್ವಿಸಿನ ನಂತರ ಬಂದ ದೋಷಕ್ಕೆ ಪುನಃ ಜೋಡಿಸಲು ಮರೆತ ಕೊಳವೆಯೋ, ಸಡಿಲಾದ ಏರ್ ಫಿಲ್ಟರ್ ಪೆಟ್ಟಿಗೆಯೋ ಇರಬಹುದು. ಗೋದಾಮಿನ ಬಳಿ ಹಲವು ದಿನ ನಿಂತಿದ್ದ ವಾಹನವಾದರೆ ಇಲಿ ಕಡಿದ ವೈರನ್ನೂ ನೋಡಬೇಕು. ಧಾನ್ಯ, ಬೆಲ್ಲ, ಕೊಬ್ಬರಿ ವ್ಯಾಪಾರಿಗಳ ವಾಹನಗಳಿಗೆ ಇಲಿಗಳ ಕಾಟ ತಪ್ಪಿದ್ದಲ್ಲ.

ಇದೇ ಹಂತದಲ್ಲಿ ಎಂಜಿನ್‌ನ ಸಹಜ ಸ್ವಭಾವವನ್ನೂ ಗಮನಿಸಬೇಕು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಾಗ ಅದುರುವುದು ಅದರ ಹುಟ್ಟುಗುಣ. 2019ರವರೆಗೆ ತಯಾರಾದ ಮಾರುತಿ ಓಮ್ನಿಯದು 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್. ಅದರಲ್ಲಿರುವ ಅಲ್ಪ ಕಂಪನ ನಾಲ್ಕು ಸಿಲಿಂಡರಿನ ಈಕೋ ವಾಹನದಲ್ಲಿ ಇರುವುದಿಲ್ಲ. ಹೊಸತಿದ್ದಾಗ ಇಲ್ಲದ ಕಂಪನ ಈಗ ಬಂದಿದೆಯೇ ಎಂಬುದೇ ಇಲ್ಲಿ ಮುಖ್ಯ.

ಮತ್ತೊಂದು ಭ್ರಮೆ ಎಂಜಿನ್ ಮೌಂಟಿಂಗ್‌ನದು. ಎಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟಿಂಗ್ ಕುಸಿದರೆ ಎಂಜಿನ್ ಸರಿಯಾಗಿದ್ದರೂ ಅದರ ಸಹಜ ಕಂಪನವೆಲ್ಲ ಒಳಕ್ಕೆ ಹರಿಯುತ್ತದೆ. ಸುತ್ತು ತೋರಿಸುವ ಮುಳ್ಳು ಅಲುಗಾಡದೆ ನಿಂತಿದ್ದು, ಸೈಲೆನ್ಸರ್‌ನಿಂದ ಬರುವ ಸದ್ದು ಒಂದೇ ಲಯದಲ್ಲಿದ್ದರೆ ದೋಷವಿರುವುದು ಎಂಜಿನ್‌ನಲ್ಲಲ್ಲ, ಮೌಂಟಿಂಗ್‌ನಲ್ಲಿ ಎಂದು ಶಂಕಿಸಬಹುದು. ಈ ಸರಳ ವ್ಯತ್ಯಾಸವನ್ನು ಗಮನಿಸದೆ ಪ್ಲಗ್, ಕಾಯಿಲ್‌ಗಳಿಗೆ ವೆಚ್ಚ ಮಾಡಿದವರು ಅನೇಕರು.

ಎಚ್ಚರಿಕೆ ದೀಪವನ್ನು ಅಲಕ್ಷಿಸಬಾರದು

ಕಾರ್ಬ್ಯುರೇಟರಿನ ಕಾಲದಲ್ಲಿ ಮೇಸ್ತ್ರಿಯು ಒಂದು ತಿರುಪನ್ನು ಅತ್ತಿತ್ತ ತಿರುಗಿಸಿ ಐಡ್ಲಿಂಗ್ ಸರಿಪಡಿಸುತ್ತಿದ್ದನು. ಇಂದಿನ ವಾಹನಗಳಲ್ಲಿ ಆ ಕೆಲಸವನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ನಿರ್ವಹಿಸುತ್ತದೆ. ಭಾರತ್ ಸ್ಟೇಜ್ 4 ಮಾನಕಗಳು 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿಯೂ, 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತವೂ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಯಲ್ಲಿದೆ. ಈ ಮಾನಕಗಳ ಜೊತೆಗೇ ವಾಹನವು ತನ್ನ ದೋಷವನ್ನು ತಾನೇ ಗುರುತಿಸಿ ದಾಖಲಿಸುವ ವ್ಯವಸ್ಥೆಯೂ ಬಂದಿತು. ಡ್ಯಾಷ್‌ಬೋರ್ಡಿನಲ್ಲಿ ಉರಿಯುವ ಎಂಜಿನ್ ಚಿತ್ರದ ಹಳದಿ ದೀಪ ಈ ವ್ಯವಸ್ಥೆಯ ದನಿ.

ಈ ದೀಪ ಸ್ಥಿರವಾಗಿ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಸ್ಥಿರವಾಗಿದ್ದರೆ ಶೀಘ್ರದಲ್ಲಿ ಪರೀಕ್ಷಿಸಬೇಕು. ಮಿಸ್ಸಿಂಗ್ ಗುರುತಿಸಬಲ್ಲ ವಾಹನಗಳಲ್ಲಿ ಅದು ಮಿಣುಕಿದರೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂತಹ ಅಮೂಲ್ಯ ಲೋಹಗಳ ಲೇಪವಿರುವ ಆ ಭಾಗವು ಅತಿಯಾಗಿ ಕಾದು ಕರಗಬಹುದು. ಒಂದು ಪ್ಲಗ್ ಅಥವಾ ಕಾಯಿಲ್‌ನ ಬೆಲೆಯಲ್ಲಿ ಮುಗಿಯಬೇಕಾದ ದುರಸ್ತಿಯು, ‘ಈ ವಾರದ ಡೆಲಿವರಿ ಮುಗಿಯಲಿ’ ಎಂದು ಓಡಿಸಿದ ತಪ್ಪಿಗೆ, ಹಲವು ಪಟ್ಟು ಬೆಲೆಯ ಕನ್ವರ್ಟರ್ ಬದಲಾವಣೆಗೆ ತಿರುಗುವುದು ಹೀಗೆಯೇ. ದೀಪ ಮಿಣುಕುವಾಗ ವಾಹನವನ್ನು ಓಡಿಸದಿರುವುದೇ ಲೇಸು.

ಸ್ಕ್ಯಾನರ್ ತೀರ್ಪು ಕೊಡುವುದಿಲ್ಲ

ಇಂದು ಸಣ್ಣ ಗ್ಯಾರೇಜುಗಳಲ್ಲಿಯೂ ಸ್ಕ್ಯಾನರ್ ಉಪಕರಣ ದೊರೆಯುತ್ತದೆ. ಅದು ತೋರುವ ಸಂಕೇತಗಳಲ್ಲಿ ಪಿ 0300 ಎಂದರೆ ನಿರ್ದಿಷ್ಟವಲ್ಲದ ಮಿಸ್ಸಿಂಗ್, ಪಿ 0301 ಎಂದರೆ ಒಂದನೆಯ ಸಿಲಿಂಡರಿನ ಮಿಸ್ಸಿಂಗ್, ಪಿ 0302 ಎಂದರೆ ಎರಡನೆಯದು. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ ಎಂದು. ಆದರೆ ಯಾವ ಸಂಕೇತವೂ ‘ಇಂತಹ ಭಾಗವನ್ನು ಬದಲಿಸು’ ಎಂದು ಹೇಳುವುದಿಲ್ಲ. ಪಿ 0301 ಸಂಕೇತಕ್ಕೆ ಪ್ಲಗ್, ಕಾಯಿಲ್, ಇಂಜೆಕ್ಟರ್, ವಾಲ್ವ್, ವೈರಿಂಗ್ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಆಕ್ಸಿಜನ್ ಸೆನ್ಸರ್‌ನ ಹೆಸರಿರುವ ಸಂಕೇತ ಬಂದೊಡನೆ ಸೆನ್ಸರನ್ನೇ ಬದಲಿಸುವುದು, ಕಳ್ಳನ ಸುದ್ದಿ ತಂದ ಕಾವಲುಗಾರನನ್ನೇ ಕೆಲಸದಿಂದ ತೆಗೆದಂತೆ. ಸಂಕೇತವು ಹುಡುಕಾಟದ ಆರಂಭವೇ ಹೊರತು ಅಂತ್ಯವಲ್ಲ.

ಯಾವ ಸಿಲಿಂಡರ್ ಎಂದು ತಿಳಿಯುವ ಬಗೆ

ಮುಂದಿನ ಪ್ರಶ್ನೆ, ದೋಷವು ಒಂದು ಸಿಲಿಂಡರಿನದೋ ಇಡೀ ಎಂಜಿನ್ನಿನದೋ ಎಂಬುದು. ಎಂಜಿನ್ ನಡೆಯುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಕನೆಕ್ಟರನ್ನು ಕ್ಷಣಕಾಲ ಬಿಡಿಸಿ ನೋಡಲಾಗುತ್ತದೆ. ಒಳ್ಳೆಯ ಸಿಲಿಂಡರನ್ನು ಬಿಡಿಸಿದಾಗ ಎಂಜಿನ್ ಮತ್ತಷ್ಟು ನಡುಗುತ್ತದೆ. ಯಾವುದನ್ನು ಬಿಡಿಸಿದರೂ ವ್ಯತ್ಯಾಸವೇ ಆಗುವುದಿಲ್ಲವೋ ಆ ಸಿಲಿಂಡರ್ ಮೊದಲಿನಿಂದಲೂ ಕೆಲಸ ಮಾಡುತ್ತಿಲ್ಲವೆಂದು ಖಚಿತವಾಗುತ್ತದೆ. ಹಳೆಯ ಪದ್ಧತಿಯಂತೆ ಪ್ಲಗ್ಗಿನ ವೈರನ್ನು ಕೈಯಿಂದ ಎಳೆಯುವುದು ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ವಾಹನಗಳಲ್ಲಿ ಅಪಾಯಕರ. ಬಲವಾದ ಶಾಕ್ ಹೊಡೆಯುವುದಲ್ಲದೆ ಕಾಯಿಲ್ ಮತ್ತು ಕನ್ವರ್ಟರ್‌ಗೂ ಹಾನಿಯಾಗಬಹುದು.

ದೋಷದ ಸಿಲಿಂಡರ್ ತಿಳಿದ ಮೇಲೆ, ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್‌ಗಳಲ್ಲಿ ಒಂದು ಸುಲಭ ಉಪಾಯವಿದೆ. ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ, ಎರಡನೆಯದರ ಕಾಯಿಲನ್ನು ಒಂದನೆಯದಕ್ಕೂ ಅದಲುಬದಲು ಮಾಡಿ ನೋಡಬೇಕು. ಮಿಸ್ಸಿಂಗ್ ಕೂಡ ಎರಡನೆಯದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಮಿಸ್ಸಿಂಗ್ ಒಂದನೆಯದರಲ್ಲೇ ಉಳಿದರೆ ಕಾಯಿಲ್ ನಿರ್ದೋಷಿ. ಪ್ಲಗ್ಗುಗಳಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಹೊಸ ಭಾಗವನ್ನು ಕೊಳ್ಳದೆಯೇ ಹಳೆಯ ಭಾಗದ ಯೋಗ್ಯತೆ ತಿಳಿಯುವ ಈ ವಿಧಾನಕ್ಕೆ ಬೇಕಾದುದು ಹತ್ತು ನಿಮಿಷದ ತಾಳ್ಮೆ ಮಾತ್ರ.

ಕಳಚಿದ ಪ್ಲಗ್ಗನ್ನು ಎಸೆಯುವ ಮುನ್ನ ಅದರ ಬಣ್ಣವನ್ನು ನೋಡಬೇಕು. ತುದಿ ತಿಳಿಕಂದು ಬಣ್ಣದ್ದಾಗಿದ್ದರೆ ಉರಿಯುವಿಕೆ ಸರಿಯಾಗಿದೆ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ನಿಂದ ಆಯಿಲ್ ಸೋರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆಯಾಗಿ ಅತಿಶಾಖ ಉಂಟಾಗಿದೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗುಗಳು ಮನೆಮಾತಾಗಿದ್ದ ದಿನಗಳಲ್ಲಿ ಹಿರಿಯ ಮೇಸ್ತ್ರಿಗಳು ಪ್ಲಗ್ಗಿನ ಮುಖ ನೋಡಿ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದರು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಪ್ಲಗ್ ನೋಡಿ ಹೇಳುವ ವಿದ್ಯೆ ಮಾತ್ರ ಇಂದಿಗೂ ಹಳತಾಗಿಲ್ಲ.

ಕದ್ದು ನುಸುಳುವ ಗಾಳಿ

ಎಲ್ಲ ಸಿಲಿಂಡರುಗಳೂ ಸಮನಾಗಿ ಕೆಲಸ ಮಾಡುತ್ತಿದ್ದು, ಎಂಜಿನ್ ವೇಗ ಏರಿಳಿಯುತ್ತಿದ್ದರೆ ಗಾಳಿಯ ಮಾರ್ಗವನ್ನು ಪರೀಕ್ಷಿಸಬೇಕು. ಬ್ರೇಕ್ ಬೂಸ್ಟರಿಗೆ ಹೋಗುವ ಕೊಳವೆ, ಎಂಜಿನ್ ಒಳಗಿನ ಆವಿಯನ್ನು ಹಿಂದಕ್ಕೆ ಕಳುಹಿಸುವ ಪಿ.ಸಿ.ವಿ. ವಾಲ್ವ್, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಳೆಯುವ ಪರ್ಜ್ ವಾಲ್ವ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇವು ಸಾಮಾನ್ಯವಾಗಿ ಸೋರುವ ಸ್ಥಳಗಳು. ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಮಸಿಯೂ ಐಡ್ಲಿಂಗ್ ಗಾಳಿಯನ್ನು ತಡೆಯುತ್ತದೆ. ಅದನ್ನು ಶುಚಿಗೊಳಿಸಿದ ಮೇಲೆ ಅನೇಕ ವಾಹನಗಳಲ್ಲಿ ಕಂಪ್ಯೂಟರಿಗೆ ಹೊಸ ಸ್ಥಿತಿಯನ್ನು ಪರಿಚಯಿಸುವ ಕ್ರಮ ಅಗತ್ಯವಾಗಿರುತ್ತದೆ. ಇದನ್ನು ಮಾಡದ ಕಾರಣ, ಶುಚಿಗೊಳಿಸಿದ ಮೇಲೆ ಐಡ್ಲಿಂಗ್ ಇನ್ನಷ್ಟು ಕೆಟ್ಟಿತೆಂಬ ದೂರು ಕೇಳಿಬರುತ್ತದೆ.

ಸೋರಿಕೆಯನ್ನು ಹುಡುಕಲು ಪೆಟ್ರೋಲ್ ಚಿಮುಕಿಸುವ ಅಭ್ಯಾಸ ಕೆಲವೆಡೆ ಉಂಟು. ಕಾದ ಎಂಜಿನ್ನಿನ ಮೇಲೆ ಇದು ಬೆಂಕಿಗೆ ಆಹ್ವಾನ. ಹೊಗೆ ಹಾಯಿಸಿ ನೋಡುವ ಯಂತ್ರವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಶಂಕಿತ ಕೊಳವೆಯನ್ನು ಒಂದೊಂದಾಗಿ ಹಿಸುಕಿ ಮುಚ್ಚಿ, ಐಡ್ಲಿಂಗ್ ಬದಲಾಗುತ್ತದೆಯೇ ಎಂದು ನೋಡಬಹುದು.

ಸ್ಕ್ಯಾನರಿನಲ್ಲಿ ಕಾಣುವ ‘ಫ್ಯುಯಲ್ ಟ್ರಿಮ್’ ಎಂಬ ಅಂಕಿ ಇಲ್ಲಿ ಬಹೂಪಯೋಗಿ. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಎಂಬುದನ್ನು ಅದು ಶೇಕಡಾವಾರು ತಿಳಿಸುತ್ತದೆ. ಸಾಮಾನ್ಯವಾಗಿ ಶೇ. 10ರ ಒಳಗಿನ ಏರಿಳಿತ ಚಿಂತೆಗೆ ಕಾರಣವಲ್ಲ. ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ವಾಹನಗಳಲ್ಲಿ ಈ ಅಂಕಿ ಐಡ್ಲಿಂಗ್‌ನಲ್ಲಿ ಮೇಲೇರಿದ್ದು 2,500 ಸುತ್ತಿನಲ್ಲಿ ಸಹಜ ಮಟ್ಟಕ್ಕಿಳಿದರೆ ಗಾಳಿ ಸೋರಿಕೆ ಎಂದು ತಿಳಿಯಬೇಕು. ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರ ಬಿದ್ದಾಗ ಏರಿದರೆ ಪೆಟ್ರೋಲ್ ಪೂರೈಕೆಯೇ ಸಾಲದಾಗಿದೆ. ಮ್ಯಾನಿಫೋಲ್ಡ್ ಒತ್ತಡದಿಂದ ಗಾಳಿಯನ್ನು ಲೆಕ್ಕಹಾಕುವ ವಾಹನಗಳಲ್ಲಿ ಸೋರಿಕೆಯಿಂದ ಈ ಅಂಕಿ ಅಷ್ಟಾಗಿ ಬದಲಾಗದೆ ಐಡ್ಲಿಂಗ್ ವೇಗವೇ ಏರಬಹುದು. ವಾಹನ ಯಾವ ಬಗೆಯದೆಂದು ತಿಳಿಯದೆ ಅಂಕಿಯನ್ನು ಓದಿದರೆ ದಾರಿ ತಪ್ಪುವುದು ಖಂಡಿತ.

ನಿರ್ವಾತ ಅಳೆಯುವ ಗೇಜ್ ಬಳಸುವವರು ಊರಿನ ಎತ್ತರವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಕೈಪಿಡಿಗಳಲ್ಲಿ ಹೇಳುವ 17ರಿಂದ 21 ಅಂಗುಲದ ಅಳತೆ ಸಮುದ್ರಮಟ್ಟದ್ದು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಿಮೆಯಾಗುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆರೋಗ್ಯವಂತ ಎಂಜಿನ್ನೇ ಮಂಗಳೂರಿಗಿಂತ ಮೂರು ಅಂಗುಲ ಕಡಿಮೆ ತೋರಿಸುತ್ತದೆ. ಇದನ್ನು ದೋಷವೆಂದು ತಿಳಿದು ಎಂಜಿನ್ ಬಿಚ್ಚಬಾರದು. ಮುಳ್ಳು ಎಷ್ಟರಲ್ಲಿ ನಿಂತಿದೆ ಎನ್ನುವುದಕ್ಕಿಂತ ಅದು ಸ್ಥಿರವಾಗಿದೆಯೇ, ಲಯಬದ್ಧವಾಗಿ ಬೀಳುತ್ತಿದೆಯೇ ಎನ್ನುವುದು ಹೆಚ್ಚು ಮುಖ್ಯ.

ಎಮಿಷನ್ ಟೆಸ್ಟ್ ಚೀಟಿಯ ಉಪಯೋಗ

ಪ್ರತಿ ವಾಹನದಲ್ಲಿಯೂ ಇರುವ ಎಮಿಷನ್ ಟೆಸ್ಟ್ ಪ್ರಮಾಣಪತ್ರವನ್ನು ಪೊಲೀಸರಿಗೆ ತೋರಿಸುವ ಕಾಗದವೆಂದು ಮಾತ್ರ ಭಾವಿಸಲಾಗುತ್ತದೆ. ಪೆಟ್ರೋಲ್ ವಾಹನಗಳ ತಪಾಸಣೆಯಲ್ಲಿ ಐಡ್ಲಿಂಗ್ ಸ್ಥಿತಿಯ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣಗಳನ್ನು ಅಳೆಯಲಾಗುತ್ತದೆ. ಹೈಡ್ರೋಕಾರ್ಬನ್ ಮಾತ್ರ ಬಹಳ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ, ಅಂದರೆ ಮಿಸ್ಸಿಂಗ್ ಇದೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಅಗತ್ಯಕ್ಕಿಂತ ಅಧಿಕವಾಗಿದೆ. ಹಿಂದಿನ ಮತ್ತು ಇಂದಿನ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದೋಷ ಯಾವ ದಿಕ್ಕಿನದೆಂಬ ಸುಳಿವು ದೊರೆಯುತ್ತದೆ. ಕೆಟ್ಟ ವಾಹನವನ್ನು ನಿಜವಾಗಿ ನಳಿಕೆಯಿಟ್ಟು ಅಳೆಸಿದಾಗ ಮಾತ್ರ ಈ ಪ್ರಯೋಜನವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಇಂಧನದ ಪಾತ್ರ

ಪೆಟ್ರೋಲ್ ತುಂಬಿಸಿದ ನಂತರವೇ ತೊಂದರೆ ಆರಂಭವಾಗಿದ್ದರೆ ಕಲಬೆರಕೆ ಅಥವಾ ನೀರಿನ ಅಂಶವನ್ನು ಅನುಮಾನಿಸಬೇಕು. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆಯನ್ನು ಕೇಳಿ ಮಾಡಿಸುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಕಾಗದದ ಮೇಲೆ ಹಾಕಿದ ಹನಿಯು ಕಲೆ ಉಳಿಸದೆ ಆವಿಯಾಗಬೇಕು. ಇಂಧನದ ಬಿಲ್ಲನ್ನು ಜೋಪಾನವಾಗಿಟ್ಟುಕೊಳ್ಳದ ಗ್ರಾಹಕನ ದೂರಿಗೆ ಬಲವಿರುವುದಿಲ್ಲ.

2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಮಿಶ್ರಣ ಶೇ. 20ಕ್ಕೆ ತಲುಪಿತು. ಎಥನಾಲ್ ಸಂಪೂರ್ಣವಾಗಿ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದುದರಿಂದ ಅದೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ವಾಹನಗಳಲ್ಲಿ ಕಂಪ್ಯೂಟರ್ ಈ ವ್ಯತ್ಯಾಸವನ್ನು ಒಂದು ಮಿತಿಯವರೆಗೆ ತಾನೇ ಸರಿದೂಗಿಸುತ್ತದೆ. ಹಳೆಯ ಕಾರ್ಬ್ಯುರೇಟರ್ ವಾಹನಗಳಿಗೆ ಆ ಸಾಮರ್ಥ್ಯವಿಲ್ಲ. ಎಥನಾಲ್ ನೀರನ್ನು ಹೀರುವ ಗುಣದ್ದಾದುದರಿಂದ ವಾರಗಟ್ಟಲೆ ನಿಲ್ಲುವ ವಾಹನಗಳ ಟ್ಯಾಂಕಿನ ತಳದಲ್ಲಿ ನೀರು ಸೇರುವ ಅಪಾಯವೂ ಇದೆ. ಹಳೆಯ ವಾಹನಗಳ ರಬ್ಬರ್ ಕೊಳವೆಗಳನ್ನು ಆಗಾಗ ನೋಡಿಕೊಳ್ಳಬೇಕು.

ಸಿ.ಎನ್.ಜಿ. ಅಳವಡಿಸಿದ ವಾಹನಗಳಲ್ಲಿ ಪರೀಕ್ಷೆ ಒಂದು ರೀತಿಯಲ್ಲಿ ಸುಲಭ. ಎಂಜಿನ್ನನ್ನು ಪೆಟ್ರೋಲಿಗೆ ಬದಲಾಯಿಸಿ ನೋಡಬೇಕು. ಎರಡರಲ್ಲಿಯೂ ನಡುಕವಿದ್ದರೆ ದೋಷ ಎಂಜಿನ್ನಿನದು. ಗ್ಯಾಸ್‌ನಲ್ಲಿ ಮಾತ್ರ ನಡುಕವಿದ್ದರೆ ಗ್ಯಾಸ್ ಉಪಕರಣವನ್ನು ಪರೀಕ್ಷಿಸಬೇಕು. ಜೊತೆಗೆ ಪ್ಲಗ್ ಮತ್ತು ಕಾಯಿಲ್‌ಗಳನ್ನೂ ಮರೆಯಬಾರದು. ಗ್ಯಾಸ್ ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ದುರ್ಬಲ ಕಾಯಿಲ್ ಮೊದಲು ಸೋಲುವುದು ಗ್ಯಾಸ್‌ನಲ್ಲಿಯೇ.

ಯಾಂತ್ರಿಕ ದೋಷ: ಕೊನೆಯ ಹಂತ

ಕಿಡಿ, ಗಾಳಿ, ಇಂಧನ ಮೂರೂ ಸರಿಯಿದ್ದರೆ ಎಂಜಿನ್ನಿನ ಒಳಭಾಗದತ್ತ ತಿರುಗಬೇಕು. ಕಂಪ್ರೆಷನ್ ಗೇಜಿನಿಂದ ಪ್ರತಿ ಸಿಲಿಂಡರನ್ನೂ ಅಳೆದು ತಯಾರಕರ ಕೈಪಿಡಿಯೊಡನೆ ಹೋಲಿಸಬೇಕು. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ. 10ರಿಂದ 15ನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ದೋಷವಿರಬಹುದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೇ ಒತ್ತಡ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಶಂಕೆ ಬಲವಾಗುತ್ತದೆ.

ಇಲ್ಲಿಯೂ ಅವಸರ ಸಲ್ಲದು. ಟ್ಯಾಪೆಟ್ ಅಂತರ ತೀರ ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಒತ್ತಡ ಕುಸಿಯುತ್ತದೆ. ಗ್ಯಾಸ್‌ನಲ್ಲಿ ಹೆಚ್ಚು ಓಡುವ ವಾಹನಗಳಲ್ಲಿ ವಾಲ್ವ್ ಸೀಟ್ ಸವೆಯುವುದರಿಂದ ಹೀಗಾಗುವುದುಂಟು. ಅಂತರ ಸರಿಪಡಿಸಬಹುದಾದ ಎಂಜಿನ್‌ಗಳಲ್ಲಿ ಹೆಡ್ ಕಳಚುವ ಮುನ್ನ ಟ್ಯಾಪೆಟ್ ನೋಡುವುದು ವಿವೇಕ. ಎಂಜಿನ್ ಬಿಚ್ಚುವ ಮಾತು ಬಂದಾಗ ಮಾಲೀಕರು ಕಂಪ್ರೆಷನ್ ಅಂಕಿಗಳನ್ನು ಬರೆದುಕೊಡುವಂತೆ ಕೇಳಬೇಕು. ಅಳತೆಯಿಲ್ಲದೆ ಎಂಜಿನ್ ಬಿಚ್ಚಲು ಒಪ್ಪಬಾರದು.

ಲಾಭ-ನಷ್ಟದ ಲೆಕ್ಕ

ಈ ಕ್ರಮದಿಂದ ವ್ಯಾಪಾರಿಗೆ ಆಗುವ ಪ್ರಯೋಜನವನ್ನು ಅರಿಯಲು ದೊಡ್ಡ ಗಣಿತ ಬೇಡ. ಊಹೆಯ ಮೇಲೆ ಭಾಗ ಬದಲಿಸುವ ಪದ್ಧತಿಯಲ್ಲಿ ಪ್ರತಿ ತಪ್ಪು ಊಹೆಗೆ ಮೂರು ಖರ್ಚುಗಳಿವೆ: ಬೇಡವಾದ ಭಾಗದ ಬೆಲೆ, ಅದನ್ನು ಜೋಡಿಸಿದ ಕೂಲಿ ಮತ್ತು ವಾಹನ ನಿಂತ ದಿನದ ಬಾಡಿಗೆ ಆಟೋ ವೆಚ್ಚ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಸೆನ್ಸರ್, ಕಾಯಿಲ್ ಮುಂತಾದ ಎಲೆಕ್ಟ್ರಿಕಲ್ ಭಾಗಗಳನ್ನು ಒಮ್ಮೆ ಜೋಡಿಸಿದ ಮೇಲೆ ಹಿಂದಕ್ಕೆ ಪಡೆಯುವ ವಾಡಿಕೆ ಸಾಮಾನ್ಯವಾಗಿ ಇಲ್ಲ. ಆದುದರಿಂದ ಊಹೆ ತಪ್ಪಾದರೆ ಆ ಹಣ ಹೋದಂತೆಯೇ. ಪರೀಕ್ಷೆಗೆ ಕೊಡುವ ಶುಲ್ಕ ಮಾತ್ರ, ಉತ್ತರ ಏನೇ ಬಂದರೂ ವ್ಯರ್ಥವಾಗುವುದಿಲ್ಲ; ಒಂದು ಭಾಗ ಸರಿಯಿದೆ ಎಂದು ತಿಳಿಯುವುದೂ ಒಂದು ಗಳಿಕೆಯೇ.

ಈ ಮಾತು ಗ್ಯಾರೇಜು ನಡೆಸುವ ಸಣ್ಣ ಉದ್ಯಮಿಗಳಿಗೂ ಅನ್ವಯಿಸುತ್ತದೆ. ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಕೇಳಲು ಅನೇಕರು ಸಂಕೋಚಪಡುತ್ತಾರೆ, ಅದನ್ನು ಕೊಡಲು ಗಿರಾಕಿಯೂ ಹಿಂಜರಿಯುತ್ತಾನೆ. ಫಲವಾಗಿ ಮೇಸ್ತ್ರಿಯ ಜ್ಞಾನಕ್ಕೆ ಬೆಲೆಯಿಲ್ಲದೆ, ಆದಾಯವೆಲ್ಲ ಬಿಡಿಭಾಗದ ಮಾರಾಟವನ್ನೇ ನೆಚ್ಚಿಕೊಳ್ಳುತ್ತದೆ. ಭಾಗ ಬದಲಿಸಿದರೆ ಮಾತ್ರ ಸಂಪಾದನೆ ಎಂಬ ವ್ಯವಸ್ಥೆಯಲ್ಲಿ ಭಾಗಗಳು ಬದಲಾಗುತ್ತಲೇ ಇರುವುದು ಆಶ್ಚರ್ಯವಲ್ಲ. ಪರೀಕ್ಷಾ ಶುಲ್ಕವನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ನಮೂದಿಸುವ ಗ್ಯಾರೇಜಿಗೆ ಗಿರಾಕಿಯ ವಿಶ್ವಾಸವೇ ಬಂಡವಾಳವಾಗುತ್ತದೆ.

ಬಿಲ್ಲಿನ ವಿಷಯದಲ್ಲಿ ಇನ್ನೊಂದು ಅಂಶ ಗಮನಾರ್ಹ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವನ್ನು ಶೇ. 18ಕ್ಕೆ ಏಕರೂಪಗೊಳಿಸಲಾಯಿತು. ಅದಕ್ಕೂ ಮೊದಲು ಬಹಳಷ್ಟು ಭಾಗಗಳಿಗೆ ಶೇ. 28ರ ದರವಿತ್ತು. ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ತೆರಿಗೆಗೆ, ನೋಂದಾಯಿತ ವರ್ತಕರು ನಿಯಮಾನುಸಾರ ಇನ್‌ಪುಟ್ ತೆರಿಗೆ ಜಮೆ ಪಡೆಯಲು ಅವಕಾಶವಿದೆ. ಪ್ರಯಾಣಿಕ ಕಾರುಗಳ ವಿಷಯದಲ್ಲಿ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡ ಭಾಗವು ಖೋಟಾ ಆಗಿರುವ ಅಪಾಯದ ಜೊತೆಗೆ ಈ ಜಮೆಯೂ ಕೈತಪ್ಪುತ್ತದೆ.

ಮಾಲೀಕರು ಪಾಲಿಸಬೇಕಾದ ಕ್ರಮ

ವಾಹನವನ್ನು ಗ್ಯಾರೇಜಿಗೆ ಬಿಡುವಾಗ ನಡುಕ ಯಾವಾಗ, ಹೇಗೆ ಬರುತ್ತದೆಂಬುದನ್ನು ಚಾಲಕನಿಂದ ಕೇಳಿ ಚೀಟಿಯಲ್ಲಿ ಬರೆದುಕೊಡಬೇಕು. ಬ್ಯಾಟರಿ ಕಳಚುವ ಮುನ್ನ ಸ್ಕ್ಯಾನರಿನ ಸಂಕೇತಗಳನ್ನು ಗುರುತು ಹಾಕಿಕೊಳ್ಳುವಂತೆ ತಿಳಿಸಬೇಕು, ಏಕೆಂದರೆ ಬ್ಯಾಟರಿ ಕಳಚಿದರೆ ಅನೇಕ ವಾಹನಗಳಲ್ಲಿ ಆ ದಾಖಲೆ ಅಳಿಸಿಹೋಗುತ್ತದೆ. ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸಬೇಕು; ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಕಾರಣ ತಿಳಿಯುವುದಿಲ್ಲ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು, ಬದಲಿಸಿದ ಭಾಗ, ದಿನಾಂಕ, ಓಡಿದ ಕಿಲೋಮೀಟರ್ ಮತ್ತು ಪರೀಕ್ಷೆಯ ಅಂಕಿಗಳನ್ನು ಬರೆದಿಡಬೇಕು.

ಬಹುಪಾಲು ವರ್ತಕರು ಖಾತೆ ಪುಸ್ತಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದರ ಮೂಲ ಸಿಗುವವರೆಗೆ ಬಿಡುವುದಿಲ್ಲ. ಅಂದಾಜಿನ ಮೇಲೆ ಅಂಕಿ ತಿದ್ದಿ ಲೆಕ್ಕ ಹೊಂದಿಸುವುದನ್ನು ಯಾರೂ ಒಪ್ಪುವುದಿಲ್ಲ. ದುಡಿಯುವ ವಾಹನದ ವಿಷಯದಲ್ಲಿಯೂ ಅದೇ ಶಿಸ್ತನ್ನು ಅನುಸರಿಸಿದರೆ ರಿಪೇರಿಯ ಖರ್ಚು ಹತೋಟಿಗೆ ಬರುವುದಲ್ಲದೆ, ಸರಕು ಸಮಯಕ್ಕೆ ಸರಿಯಾಗಿ ಗಿರಾಕಿಯನ್ನು ತಲುಪುತ್ತದೆ.